ದೈವವೋ ಪುರುಷಾರ್ಥವೋ: ನಮ್ಮ ಕೈಯಲ್ಲಿರುವುದು ಎಷ್ಟು?

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಟ್ಟ ಧರ್ಮಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

   

ಈ ಪವಿತ್ರ ಸನ್ನಿಧಿಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯ ಹಿರಿಯರು ಆಜ್ಞಾಪಿಸಿದ್ದಾರೆ. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ತಕ್ಕಡಿ, ಖಾತೆ ಪುಸ್ತಕ, ಗಿರಾಕಿಗಳ ಮಾತು, ಸಂಜೆಯ ಸ್ವಾಧ್ಯಾಯ ಇವೇ ನನ್ನ ವಿದ್ಯಾಶಾಲೆ. ಆದಕಾರಣ ಶಾಸ್ತ್ರಾರ್ಥದ ಆಳಕ್ಕೆ ಇಳಿಯುವ ಸಾಹಸ ಮಾಡದೆ, ವ್ಯಾಪಾರಿಯಾದವನಿಗೆ ದಿನವೂ ಎದುರಾಗುವ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ. ನಮಗೆ ಆಗುವ ಲಾಭ ನಷ್ಟಗಳಲ್ಲಿ, ಸುಖ ದುಃಖಗಳಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು? ನಮ್ಮ ಕೈಮೀರಿದ್ದು ಎಷ್ಟು? ಅದಕ್ಕಿಂತಲೂ ಮುಖ್ಯವಾಗಿ, ಈ ವಿಷಯದಲ್ಲಿ ನಾವು ಏನನ್ನು ನಂಬಿರುತ್ತೇವೆಯೋ ಆ ನಂಬಿಕೆಯು ನಮ್ಮ ನಡೆಯನ್ನೂ ಯೋಚನೆಯನ್ನೂ ಹೇಗೆ ರೂಪಿಸುತ್ತದೆ?

ನಮ್ಮ ಪೇಟೆಯಲ್ಲಿ ನಿತ್ಯ ಕೇಳುವ ಮಾತುಗಳನ್ನೇ ತೆಗೆದುಕೊಳ್ಳಿ. ಧಾರಣೆ ಏರಿ ದಾಸ್ತಾನಿನ ಮೇಲೆ ಲಾಭ ಬಂದರೆ, "ನಾನು ಮೊದಲೇ ಲೆಕ್ಕ ಹಾಕಿದ್ದೆ" ಎನ್ನುತ್ತೇವೆ. ಧಾರಣೆ ಇಳಿದು ಬಂಡವಾಳ ಕರಗಿದರೆ, "ಹಣೆಬರಹ, ಏನು ಮಾಡುವುದು?" ಎನ್ನುತ್ತೇವೆ. ಇನ್ನು ನೆರೆಯವನ ವಿಷಯ ಬಂದಾಗ ಈ ಲೆಕ್ಕ ತಿರುವುಮುರುವಾಗುತ್ತದೆ. ಅವನಿಗೆ ಲಾಭವಾದರೆ ಅದೃಷ್ಟ, ನಷ್ಟವಾದರೆ ಅವನ ಅವಿವೇಕ! ಒಂದೇ ಪೇಟೆ, ಒಂದೇ ಧಾರಣೆ, ಒಂದೇ ಮಳೆ. ಆದರೆ ಜಮಾ ಬರೆಯುವ ಪುಟ ಬೇರೆ, ಖರ್ಚು ಬರೆಯುವ ಪುಟ ಬೇರೆ. ಹೀಗೆ ಕೀರ್ದಿ ಬರೆದರೆ ಯಾವ ಗುಮಾಸ್ತನನ್ನೂ ನಾವು ಕೆಲಸದಲ್ಲಿ ಇರಿಸಿಕೊಳ್ಳಲಾರೆವು. ಆದರೆ ಜೀವನದ ಕೀರ್ದಿಯನ್ನು ನಾವೆಲ್ಲರೂ ಹೀಗೆಯೇ ಬರೆಯುತ್ತಿದ್ದೇವೆ.

ಈ ವಿಷಯದಲ್ಲಿ ನಮ್ಮ ಆಚಾರ್ಯರು ಬಹು ಹಿಂದೆಯೇ ಸ್ಪಷ್ಟವಾದ ದಾರಿ ತೋರಿದ್ದಾರೆ. ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಯು 114 ಕಾರಿಕೆಗಳ ಚಿಕ್ಕ ಗ್ರಂಥ. ಅದನ್ನು 'ದೇವಾಗಮ ಸ್ತೋತ್ರ'ವೆಂದೂ ಕರೆಯುತ್ತಾರೆ. ಅದರ ಎಂಟನೆಯ ಪರಿಚ್ಛೇದದ ನಾಲ್ಕು ಕಾರಿಕೆಗಳಲ್ಲಿ ಆಚಾರ್ಯರು ದೈವ ಮತ್ತು ಪೌರುಷದ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಎಲ್ಲವೂ ದೈವದಿಂದಲೇ ಸಿದ್ಧಿಸುವುದಾದರೆ, ಆ ದೈವವೆಂಬುದು ಹಿಂದಿನ ಪೌರುಷದಿಂದ ಉಂಟಾದದ್ದು ಹೇಗೆ? ದೈವಕ್ಕೆ ದೈವವೇ ಕಾರಣವೆಂದರೆ ಮೋಕ್ಷವೆಂಬುದೇ ಇಲ್ಲವಾಗುತ್ತದೆ, ಪ್ರಯತ್ನವು ನಿಷ್ಫಲವಾಗುತ್ತದೆ. ಅದಲ್ಲ, ಎಲ್ಲವೂ ಪೌರುಷದಿಂದಲೇ ಎಂದರೆ ಆಗ ಪ್ರಯತ್ನಪಟ್ಟ ಪ್ರಾಣಿಗಳೆಲ್ಲಕ್ಕೂ ತಪ್ಪದೆ ಫಲ ದೊರಕಬೇಕಾಗಿತ್ತು. ಹಾಗೆ ಆಗುತ್ತಿಲ್ಲವೆಂಬುದು ಕಣ್ಣೆದುರಿಗಿರುವ ಸಂಗತಿ. ಅಕ್ಕಪಕ್ಕದ ಎರಡು ಹೊಲಗಳಲ್ಲಿ ಸಮನಾಗಿ ದುಡಿದ ಇಬ್ಬರು ರೈತರಿಗೆ ಸಮನಾದ ಬೆಳೆ ಬರುವುದೆಂಬ ನಿಯಮವೇನೂ ಇಲ್ಲವಷ್ಟೆ.

ಕೊನೆಯಲ್ಲಿ ಆಚಾರ್ಯರು ಅನೇಕಾಂತದ ಬೆಳಕಿನಲ್ಲಿ ಕೊಡುವ ತೀರ್ಮಾನವು ವ್ಯವಹಾರಕ್ಕೂ ಒದಗುವಂಥದು. ನಾವು ಬುದ್ಧಿಪೂರ್ವಕವಾಗಿ ಎಣಿಸದೆ, ಯತ್ನಿಸದೆ ತಾನಾಗಿ ಬಂದೊದಗಿದ ಇಷ್ಟಾನಿಷ್ಟಗಳಲ್ಲಿ ದೈವಕ್ಕೆ ಪ್ರಾಧಾನ್ಯ. ಬುದ್ಧಿಪೂರ್ವಕವಾಗಿ ಎಣಿಸಿ, ಯತ್ನಿಸಿ ಪಡೆದ ಇಷ್ಟಾನಿಷ್ಟಗಳಲ್ಲಿ ಪೌರುಷಕ್ಕೆ ಪ್ರಾಧಾನ್ಯ. ಇಷ್ಟ ಮತ್ತು ಅನಿಷ್ಟ ಎರಡನ್ನೂ ಆಚಾರ್ಯರು ಎರಡು ಕಡೆಯೂ ಹೇಳಿರುವುದನ್ನು ಗಮನಿಸಬೇಕು. ಲಾಭವನ್ನೆಲ್ಲ ಪೌರುಷಕ್ಕೂ ನಷ್ಟವನ್ನೆಲ್ಲ ದೈವಕ್ಕೂ ಹಂಚಿಬಿಡುವ ನಮ್ಮ ಪೇಟೆಯ ಲೆಕ್ಕಕ್ಕೆ ಇಲ್ಲಿ ಅವಕಾಶವೇ ಇಲ್ಲ. ಈ ಗ್ರಂಥಕ್ಕೆ 'ಅಷ್ಟಶತಿ'ಯೆಂಬ ವ್ಯಾಖ್ಯಾನವನ್ನು ಬರೆದ ಅಕಲಂಕದೇವರು ದೈವವನ್ನು ಅದೃಷ್ಟವೆಂದೂ, ಇಲ್ಲಿ ಮಾಡುವ ಪ್ರಯತ್ನವನ್ನು ದೃಷ್ಟವೆಂದೂ ವಿವರಿಸಿದ್ದಾರೆ. ಅದೃಷ್ಟವೆಂದರೆ ಕಾಣದಿರುವುದು. ನಾವು ಆಡುಮಾತಿನಲ್ಲಿ ಆ ಪದವನ್ನು ಬರೀ ಒಳ್ಳೆಯ ಕಾಲಕ್ಕೆ ಮೀಸಲಿಟ್ಟುಬಿಟ್ಟಿದ್ದೇವೆ.

ಶ್ವೇತಾಂಬರ ಆಗಮವಾದ 'ಉಪಾಸಕದಶಾ'ದಲ್ಲಿ ಸದ್ದಾಲಪುತ್ರನೆಂಬ ಶ್ರೀಮಂತ ಕುಂಬಾರನ ಕಥೆಯಿದೆ. ಪೋಲಾಸಪುರದ ಈ ಕುಂಬಾರನು ಗೋಶಾಲನ ಆಜೀವಿಕ ಮತದ ಅನುಯಾಯಿ. ಎಲ್ಲವೂ ನಿಯತಿಯಿಂದ ಮೊದಲೇ ಗೊತ್ತಾಗಿದೆ, ಯತ್ನವೆಂಬುದಿಲ್ಲ, ಬಲವೆಂಬುದಿಲ್ಲ ಎಂಬುದು ಆ ಮತದ ಸಾರ. ಭಗವಾನ್ ಮಹಾವೀರರು ಅವನನ್ನು, "ಈ ಮಡಕೆಗಳು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ?" ಎಂದು ಕೇಳುತ್ತಾರೆ. ಪ್ರಯತ್ನವಿಲ್ಲದೆ, ನಿಯತಿಯಿಂದಲೇ ಎಂದು ಅವನು ಉತ್ತರ ಕೊಡುತ್ತಾನೆ. ಹಾಗಾದರೆ ಯಾರಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ, ನಿನ್ನ ಪತ್ನಿಯ ವಿಷಯದಲ್ಲಿ ತಪ್ಪಿ ನಡೆದರೆ ಏನು ಮಾಡುವೆ ಎಂದು ಭಗವಂತರು ಕೇಳಿದಾಗ, ಅಂಥವನನ್ನು ಹಿಡಿದು ದಂಡಿಸುತ್ತೇನೆ ಎನ್ನುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಕದ್ದವನ ತಪ್ಪೇನು? ತಪ್ಪಿದೆಯೆಂದಾದರೆ ನಿನ್ನ ನಿಯತಿವಾದ ನಿಲ್ಲುವುದೆಲ್ಲಿ? ಕುಂಬಾರನಿಗೆ ಅರಿವಾಗುತ್ತದೆ. ಬಂಧುಗಳೇ, ನಮ್ಮಲ್ಲಿ ಅನೇಕರು ಬಾಯಿಯಲ್ಲಿ ನಿಯತಿವಾದಿಗಳು. ಉದ್ರಿ ವಸೂಲಿಗೆ ಹೊರಟಾಗ ಮಾತ್ರ ಪುರುಷಾರ್ಥವಾದಿಗಳು!

ಇತ್ತೀಚಿನ ಕಾಲದಲ್ಲಿ ಪಾಶ್ಚಾತ್ಯ ಮನಃಶಾಸ್ತ್ರಜ್ಞರೂ ಇದೇ ಪ್ರಶ್ನೆಯನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದ್ದಾರೆ. ಅಮೆರಿಕದ ಜೂಲಿಯನ್ ರಾಟರ್ ಎಂಬ ವಿದ್ವಾಂಸರು 1966ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಫಲದ ಹಿಡಿತವು ತನ್ನೊಳಗಿದೆಯೆಂದು ನಂಬುವವರು ಮತ್ತು ಅದು ಅದೃಷ್ಟ, ವಿಧಿ, ಬಲಿಷ್ಠರಾದ ಇತರರು ಮೊದಲಾದ ಹೊರಗಿನ ಶಕ್ತಿಗಳಲ್ಲಿದೆಯೆಂದು ನಂಬುವವರು ಎಂದು ಜನರ ಸ್ವಭಾವವನ್ನು ಅಳೆಯಲು 29 ಜೋಡಿ ಹೇಳಿಕೆಗಳ ಪ್ರಶ್ನಾವಳಿಯನ್ನು ಕೊಟ್ಟರು. ಯಾರೂ ಪೂರ್ತಿಯಾಗಿ ಈ ಕಡೆಯವರೂ ಅಲ್ಲ, ಆ ಕಡೆಯವರೂ ಅಲ್ಲ. ತಕ್ಕಡಿಯ ಮುಳ್ಳಿನಂತೆ ಎಲ್ಲೋ ನಡುವೆ ಒಂದೊಂದು ಕಡೆಗೆ ವಾಲಿರುತ್ತಾರೆ. ತನ್ನ ಯತ್ನದಿಂದ ಫಲವುಂಟೆಂದು ನಂಬಿದವನು ಸೋತಾಗ ಕಾರಣವನ್ನು ಹುಡುಕುತ್ತಾನೆ, ತಿದ್ದಿಕೊಳ್ಳುತ್ತಾನೆ. ಎಲ್ಲವೂ ಹೊರಗಿನದೆಂದು ನಂಬಿದವನಿಗೆ ಸೋಲಿನಿಂದ ಕಲಿಯಬೇಕಾದದ್ದೇನೂ ತೋರುವುದಿಲ್ಲ.

ಇನ್ನೊಂದು ಪ್ರಯೋಗವನ್ನು ಹೇಳುವ ಮೊದಲು, ಅದು ಮೂಕ ಪ್ರಾಣಿಗಳಿಗೆ ನೋವು ಕೊಟ್ಟು ಮಾಡಿದ ಪ್ರಯೋಗವೆಂದು ನೋವಿನಿಂದಲೇ ಹೇಳಬೇಕಾಗಿದೆ. ಅಹಿಂಸಾಧರ್ಮದವರಾದ ನಾವು ಅದನ್ನು ಎಂದಿಗೂ ಒಪ್ಪಲಾರೆವು. 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಎಂಬವರು 24 ನಾಯಿಗಳನ್ನು ಎಂಟೆಂಟರ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ವಿದ್ಯುತ್ತಿನ ಆಘಾತ ತಗುಲಿದಾಗ ತಲೆಯಿಂದ ಹಲಗೆಯನ್ನು ಒತ್ತಿ ಅದನ್ನು ನಿಲ್ಲಿಸುವ ಅವಕಾಶವಿತ್ತು. ಎರಡನೆಯ ಗುಂಪಿಗೆ ಅಷ್ಟೇ ಆಘಾತ, ಆದರೆ ನಿಲ್ಲಿಸುವ ದಾರಿಯಿಲ್ಲ. ಮೂರನೆಯದಕ್ಕೆ ಆಘಾತವೇ ಇಲ್ಲ. ಮರುದಿನ ಎಲ್ಲವನ್ನೂ ಒಂದು ತಗ್ಗಾದ ಅಡ್ಡಗೋಡೆ ಹಾರಿದರೆ ನೋವಿನಿಂದ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ, ಎರಡನೆಯ ಗುಂಪಿನ ಎಂಟರಲ್ಲಿ ಆರು ನಾಯಿಗಳು ಹಾರುವ ಪ್ರಯತ್ನವನ್ನೇ ಕೈಬಿಟ್ಟು ನೋವನ್ನು ಸಹಿಸುತ್ತ ಉಳಿದವು. ಬಾಗಿಲು ತೆರೆದಿತ್ತು, ಆದರೆ ಬಾಗಿಲಿದೆಯೆಂಬ ನಂಬಿಕೆ ಇರಲಿಲ್ಲ.

ಮುಂದಿನ ಎರಡು ಸಂಗತಿಗಳು ನಮಗೆ ಇನ್ನೂ ಮುಖ್ಯ. 1968ರಲ್ಲಿ ಅದೇ ವಿದ್ವಾಂಸರು ಹಾಗೆ ಕೈಚೆಲ್ಲಿದ ನಾಯಿಗಳನ್ನು ಹಗ್ಗದಿಂದ ಎಳೆದು ಮತ್ತೆ ಮತ್ತೆ ಅಡ್ಡಗೋಡೆ ದಾಟಿಸಿದರು. ಬರೀ ತಿಂಡಿಯ ಆಸೆ ತೋರಿದ್ದರಿಂದ ಆಗದ ಕೆಲಸ ಹೀಗೆ ದಾಟಿಸಿದ್ದರಿಂದ ಆಯಿತು. ಕೆಲವು ಸಲದ ನಂತರ ಅವು ತಾವೇ ಹಾರತೊಡಗಿದವು. 2016ರಲ್ಲಿ ಇವರಿಬ್ಬರೂ ಮೆದುಳಿನ ಸಂಶೋಧನೆಗಳನ್ನು ಆಧರಿಸಿ ತಮ್ಮ ಹಳೆಯ ಅಭಿಪ್ರಾಯವನ್ನೇ ತಿದ್ದಿಕೊಂಡರು. ಅಸಹಾಯಕತೆಯು ಕಲಿತದ್ದೆಂದು ತಾವು ತಿಳಿದದ್ದು ಸರಿಯಲ್ಲ. ದೀರ್ಘಕಾಲದ ನೋವಿನ ಮುಂದೆ ಸುಮ್ಮನಾಗಿಬಿಡುವುದು ಜೀವದ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ತನ್ನ ಕೈಯಲ್ಲಿಯೂ ಏನೋ ಇದೆ ಎಂಬ ಅರಿವು ಎಂದು ಅವರು ಬರೆದರು.

ಹಿಡಿತದ ಅರಿವು ಎಷ್ಟು ಚಿಕ್ಕ ವಿಷಯದಲ್ಲಿದ್ದರೂ ಫಲ ಕೊಡುತ್ತದೆಂಬುದಕ್ಕೆ 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ವಿದುಷಿಯರು ಅಮೆರಿಕದ ಕನೆಕ್ಟಿಕಟ್ ಪ್ರಾಂತದ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಮಾಡಿದ ಅಧ್ಯಯನ ಸಾಕ್ಷಿಯಾಗಿದೆ. ಒಂದು ಮಹಡಿಯ ವೃದ್ಧರಿಗೆ, ನಿಮ್ಮ ಕೋಣೆಯ ಏರ್ಪಾಡು ನಿಮ್ಮದು, ಚಲನಚಿತ್ರ ನೋಡುವ ದಿನವನ್ನು ನೀವೇ ಆರಿಸಿಕೊಳ್ಳಿ, ಈ ಗಿಡವನ್ನು ಆರಿಸಿ ನೀವೇ ನೀರೆರೆಯಿರಿ ಎಂದು ಹೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಚಿತ್ರ ತೋರಿಸಿದರು. ಆದರೆ ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ ಎಂದರು. ಮೂರು ವಾರಗಳ ನಂತರ ಮೊದಲ ಮಹಡಿಯವರು ಹೆಚ್ಚು ಚುರುಕಾಗಿಯೂ ಲವಲವಿಕೆಯಿಂದಲೂ ಇದ್ದರು. ನೂರಕ್ಕೂ ಕಡಿಮೆ ಜನರ ಅಧ್ಯಯನವಾದ್ದರಿಂದ ಇದನ್ನು ಅತಿಯಾಗಿ ಹಿಗ್ಗಿಸಬಾರದು. ಆದರೂ ನಮ್ಮ ಮನೆಗಳಲ್ಲಿ ಇದಕ್ಕೆ ಹೋಲುವುದು ಕಾಣುವುದಿಲ್ಲವೇ? ಅಂಗಡಿಯ ಬೀಗದ ಕೈ ಮಗನಿಗೆ ಒಪ್ಪಿಸಿದ ಹಿರಿಯರನ್ನು, "ಅಪ್ಪಾ, ನೀವು ಸುಮ್ಮನೆ ಕುಳಿತಿರಿ" ಎಂದು ಗೌರವದಿಂದಲೇ ಮೂಲೆಗೆ ಕೂಡಿಸುತ್ತೇವೆ. ಅದು ಸೇವೆಯೆಂದು ನಾವು ತಿಳಿದಿರುತ್ತೇವೆ. ಬಸದಿಯ ಪೂಜೆಗೆ ಹೂ ಆರಿಸುವ ಕೆಲಸವನ್ನಾದರೂ ಅವರ ಕೈಯಲ್ಲಿ ಉಳಿಸಿದರೆ ಅದೂ ಸೇವೆಯೇ.

ಹಾಗೆಂದು ಎಲ್ಲವೂ ನಮ್ಮ ಹಿಡಿತದಲ್ಲಿದೆಯೆಂಬ ನಂಬಿಕೆಯು ಶ್ರೇಯಸ್ಕರವೇ? ಅಲ್ಲ. ಇದೇ ಲ್ಯಾಂಗರ್ ಅವರು 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಲಾಟರಿಯನ್ನು ಕುರಿತದ್ದು. ಒಂದು ಡಾಲರಿನ ಟಿಕೆಟುಗಳನ್ನು ಕಚೇರಿಯ ನೌಕರರಿಗೆ ಮಾರಿದರು. ಕೆಲವರು ತಮ್ಮ ಟಿಕೆಟನ್ನು ತಾವೇ ಆರಿಸಿಕೊಂಡರು, ಕೆಲವರಿಗೆ ಕೈಗೆ ಬಂದದ್ದನ್ನು ಕೊಟ್ಟರು. ಅನಂತರ ಆ ಟಿಕೆಟನ್ನು ಮರಳಿ ಮಾರಲು ಎಷ್ಟು ಕೇಳುವಿರಿ ಎಂದಾಗ, ಕೊಟ್ಟದ್ದನ್ನು ಪಡೆದವರು ಸರಾಸರಿ 1 ಡಾಲರ್ 96 ಸೆಂಟ್ ಕೇಳಿದರೆ, ತಾವೇ ಆರಿಸಿದವರು ಸರಾಸರಿ 8 ಡಾಲರ್ 67 ಸೆಂಟ್ ಕೇಳಿದರು. ಗೆಲ್ಲುವ ಸಾಧ್ಯತೆಯಲ್ಲಿ ಎಳ್ಳಷ್ಟೂ ಭೇದವಿಲ್ಲ. ಭೇದವಿದ್ದದ್ದು ತನ್ನ ಕೈ ಮುಟ್ಟಿದ್ದೆಂಬ ಭ್ರಮೆಯಲ್ಲಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿಯ ನಿಷೇಧವಾಗುವವರೆಗೆ, ಅಂಕಿ ಕೂಡಿಸಿ ಕಳೆದು, ಕನಸಿನ ಅರ್ಥ ಹಚ್ಚಿ ಟಿಕೆಟು ಆರಿಸುತ್ತಿದ್ದವರನ್ನು ತಾವೂ ಕಂಡಿರಬಹುದು. ಅವರು ದೈವವನ್ನು ನಂಬಿದ್ದರೆಂದು ನಾವು ಹೇಳುತ್ತಿದ್ದೆವು. ನಿಜವಾಗಿ ಅವರು ದೈವವು ತಮ್ಮ ಮುಷ್ಟಿಯಲ್ಲಿದೆಯೆಂದು ನಂಬಿದ್ದರು. ಸಟ್ಟಾ ವ್ಯಾಪಾರದಲ್ಲಿ ಎರಡು ಸಲ ಗೆದ್ದು ಮೂರನೆಯ ಸಲ ಮನೆ ಒತ್ತೆಯಿಟ್ಟವನ ಸ್ಥಿತಿಯೂ ಅದೇ.

ಆದ್ದರಿಂದ ಎರಡು ತುದಿಗಳೂ ಅಪಾಯಕರ. ಎಲ್ಲವೂ ವಿಧಿಯೆಂದವನು ತೆರೆದ ಬಾಗಿಲಿನ ಮುಂದೆ ಕುಳಿತಿರುತ್ತಾನೆ. ಎಲ್ಲವೂ ತಾನೆಂದವನು ಗೋಡೆಯನ್ನೇ ಬಾಗಿಲೆಂದು ತಿಳಿದು ತಲೆ ಚಚ್ಚಿಕೊಳ್ಳುತ್ತಾನೆ. ಸಿದ್ಧಸೇನಾಚಾರ್ಯರ 'ಸನ್ಮತಿ'ಯಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷ ಈ ಐದರಲ್ಲಿ ಒಂದನ್ನೇ ಹಿಡಿಯುವುದು ಮಿಥ್ಯಾತ್ವ, ಕೂಡಿಸಿ ನೋಡುವುದು ಸಮ್ಯಕ್ತ್ವ ಎಂಬ ಅಭಿಪ್ರಾಯವಿದೆ. ಬಿತ್ತನೆಗೆ ಕಾಲ ಬೇಕು, ಬೀಜದ ಸ್ವಭಾವ ಬೇಕು, ಹಿಂದೆ ಹಾಕಿದ ಗೊಬ್ಬರ ಬೇಕು; ರಂಟೆ ಹಿಡಿಯುವ ಕೈಯೂ ಬೇಕು.

ನಮ್ಮ ಕರ್ಮಸಿದ್ಧಾಂತವನ್ನು ಹೊರಗಿನವರು ಮಾತ್ರವಲ್ಲ, ನಮ್ಮವರೂ ಹಣೆಬರಹವೆಂದೇ ತಿಳಿದುಬಿಟ್ಟಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ಗೊಮ್ಮಟಸಾರ'ದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಕರಣಗಳನ್ನು ಹೇಳಿದ್ದಾರೆ. ಬಂಧ, ಸತ್ತ್ವ, ಉದಯಗಳ ಜೊತೆಗೆ ಕರ್ಮದ ಸ್ಥಿತಿಯನ್ನೂ ರಸವನ್ನೂ ಹೆಚ್ಚಿಸುವ ಉತ್ಕರ್ಷಣ, ತಗ್ಗಿಸುವ ಅಪಕರ್ಷಣ, ಒಂದು ಪ್ರಕೃತಿ ತನ್ನ ಜಾತಿಯ ಇನ್ನೊಂದಾಗಿ ಮಾರ್ಪಡುವ ಸಂಕ್ರಮಣ, ಕಾಲಕ್ಕೆ ಮುನ್ನವೇ ಉದಯಕ್ಕೆ ತರುವ ಉದೀರಣೆ, ಅಡಗಿಸುವ ಉಪಶಮ ಇವೆಲ್ಲ ಅಲ್ಲಿವೆ. ನಿಧತ್ತಿ, ನಿಕಾಚಿತಗಳೆಂಬ ಗಟ್ಟಿಯಾದ ಅವಸ್ಥೆಗಳೂ ಇವೆ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಸಾಲವಿರುವುದು ನಿಜ. ಆದರೆ ವಾಯಿದೆಗೆ ಮುನ್ನ ತೀರಿಸಬಹುದಾದ ಸಾಲವುಂಟು, ಬಡ್ಡಿ ತಗ್ಗಿಸಿಕೊಳ್ಳಬಹುದಾದ ಸಾಲವುಂಟು, ಬಿಡದೆ ಕಟ್ಟಲೇಬೇಕಾದ ಸಾಲವೂ ಉಂಟು. ಯಾವುದು ಯಾವ ಬಗೆಯದೆಂದು ಖಾತೆ ನಮಗೆ ಕಾಣದು. ಕಾಣದಿರುವಾಗ ಸಾಲಗಾರನು ಮಾಡಬೇಕಾದದ್ದು ದುಡಿಯುವುದೇ ಹೊರತು ಕೈಕಟ್ಟಿ ಕುಳಿತುಕೊಳ್ಳುವುದಲ್ಲ.

ಈಗ ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಸಮಾಜದಲ್ಲಿ "ಅವರವರ ಕರ್ಮ" ಎಂಬ ಮಾತು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ತಾವು ಯೋಚಿಸಬೇಕು. ಎಳೆಯ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳ ಮೇಲೆ, ಅಂಗವಿಕಲ ಮಗುವಿನ ತಾಯಿಯ ಮೇಲೆ, ದಿವಾಳಿಯಾದ ಮನೆಯ ಮಕ್ಕಳ ಮೇಲೆ ಆ ಮಾತು ಬೀಳುತ್ತಿದೆ. ನನಗೆ ತಿಳಿದ ಒಬ್ಬ ಧಾನ್ಯದ ವ್ಯಾಪಾರಿಯು ಎರಡು ವರ್ಷ ಮೇಲಿಂದ ಮೇಲೆ ನಷ್ಟ ಕಂಡ ಮೇಲೆ ಅಂಗಡಿಯ ಬಾಗಿಲನ್ನು ತಡವಾಗಿ ತೆಗೆಯತೊಡಗಿದನು. ಆಮೇಲೆ ಪೇಟೆಗೆ ಬರುವುದನ್ನೇ ಬಿಟ್ಟನು. ಅವನನ್ನು ನೋಡಿ ಕೆಲವರು ಕರ್ಮವೆಂದರು, ಕೆಲವರು ಸೋಮಾರಿತನವೆಂದರು. ಎರಡೂ ಮಾತುಗಳಲ್ಲಿ ಒಂದು ಅನುಕೂಲವಿತ್ತು: ಹೇಳಿದವರು ಏನನ್ನೂ ಮಾಡಬೇಕಾಗಿರಲಿಲ್ಲ. ಕೊನೆಗೆ ಹಿರಿಯ ದಲಾಲರೊಬ್ಬರು ಪ್ರತಿ ಬೆಳಿಗ್ಗೆ ಅವನ ಮನೆಗೆ ಹೋಗಿ, "ಬಾರಪ್ಪಾ, ನನ್ನ ಜೊತೆ ಒಂದು ಗಂಟೆ ಕೂತು ಹೋಗು" ಎಂದು ಕರೆದು ತರತೊಡಗಿದರು. ಮೊದಲಿಗೆ ಹತ್ತು ಚೀಲದ ಚಿಕ್ಕ ವ್ಯವಹಾರವನ್ನು ಅವನ ಕೈಯಿಂದಲೇ ಮಾಡಿಸಿದರು. ಇಂದು ಅವನು ದೊಡ್ಡ ಸಾಹುಕಾರನಾಗಿಲ್ಲ. ಆದರೆ ತನ್ನ ಗಾದಿಯ ಮೇಲೆ ತಾನು ಕುಳಿತಿದ್ದಾನೆ.

ಅಂತರಾಯ ಕರ್ಮದ ಐದು ಭೇದಗಳಲ್ಲಿ ವೀರ್ಯಾಂತರಾಯವೂ ಒಂದು. ಪ್ರಯತ್ನಿಸುವ ಶಕ್ತಿಗೇ ಅಡ್ಡಿಯಾಗುವ ಕರ್ಮವದು. ಯತ್ನಿಸದವನನ್ನು ಹೀಯಾಳಿಸುವ ಮೊದಲು ಇದನ್ನು ನೆನೆಯಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ ಮತ್ತು ವಾತ್ಸಲ್ಯ ಎಂಬ ಎರಡಿವೆ. ಧರ್ಮಮಾರ್ಗದಿಂದ ಜಾರುತ್ತಿರುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು ಸ್ಥಿತಿಕರಣ. ಸಹಧರ್ಮಿಗಳಲ್ಲಿ ನಿಷ್ಕಪಟವಾದ ಪ್ರೀತಿಯೇ ವಾತ್ಸಲ್ಯ. ಧೈರ್ಯಗೆಟ್ಟು ಕುಳಿತವನನ್ನು ಕೈಹಿಡಿದು ಎಬ್ಬಿಸುವುದೂ ಇದೇ ಭಾವದ ಕೆಲಸವೆಂದು ನನ್ನ ತಿಳಿವಳಿಕೆ. ಕರ್ಮಸಿದ್ಧಾಂತವು ನನ್ನನ್ನು ನಾನು ತಿದ್ದಿಕೊಳ್ಳಲು ಕೊಟ್ಟ ಕನ್ನಡಿ. ಇನ್ನೊಬ್ಬರ ಮುಖಕ್ಕೆ ಎಸೆಯಲು ಕೊಟ್ಟ ಕಲ್ಲಲ್ಲ.

ಇಂದು ನಾವು ವೀತರಾಗನ ಬಿಂಬವನ್ನು ಪ್ರತಿಷ್ಠಾಪಿಸಿದ್ದೇವೆ. ಆತನು ರಾಗವನ್ನು ಗೆದ್ದವನು. ಬೇಡಿದವರಿಗೆ ಧಾರಣೆ ಏರಿಸುವವನಲ್ಲ, ಬೇಡದವರಿಗೆ ಇಳಿಸುವವನೂ ಅಲ್ಲ. ಹಾಗಾದರೆ ಈ ಬಸದಿ ನಮಗೇಕೆ? ಹಿಡಿತವನ್ನು ಎಲ್ಲಿ ಹುಡುಕಬೇಕೆಂದು ಕಲಿಯುವುದಕ್ಕೆ. ಮಳೆ, ಧಾರಣೆ, ಸರಕಾರದ ಕಾಯಿದೆ, ರೋಗ, ಮರಣ ಇವುಗಳಲ್ಲಿ ನಮ್ಮದು ಅಲ್ಪ. ಅನಿತ್ಯ, ಅಶರಣ ಅನುಪ್ರೇಕ್ಷೆಗಳು ಅದನ್ನೇ ಹೇಳುತ್ತವೆ. ತೂಕ, ಮಾತು, ಲೆಕ್ಕ, ಆಹಾರ, ಕ್ರೋಧ, ಲೋಭ ಇವುಗಳಲ್ಲಿ ನಮ್ಮದು ಬಹಳ. ಅಣುವ್ರತಗಳು ಅದಕ್ಕಾಗಿಯೇ ಇವೆ. ಎಷ್ಟು ಗಳಿಸುತ್ತೇನೆಂಬುದು ನನ್ನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಎಷ್ಟು ಸಾಕೆಂಬುದು ನನ್ನ ಕೈಯಲ್ಲಿದೆ. ಪರಿಗ್ರಹ ಪರಿಮಾಣ ವ್ರತದ ಅರ್ಥವನ್ನು ನಾನು ಹೀಗೆ ತಿಳಿದಿದ್ದೇನೆ.

ಆದಕಾರಣ ತಮ್ಮಲ್ಲಿ ಮೂರು ವಿನಂತಿಗಳು. ಒಂದು, ಪ್ರತಿದಿನ ಪ್ರತಿಕ್ರಮಣದ ವೇಳೆಯಲ್ಲಿ ಆ ದಿನದ ಇಷ್ಟಾನಿಷ್ಟಗಳನ್ನು ಎರಡು ಪುಟಗಳಲ್ಲಿ ಪ್ರಾಮಾಣಿಕವಾಗಿ ಜಮಾ ಮಾಡೋಣ: ಇದು ನನ್ನ ಬುದ್ಧಿಪೂರ್ವಕವಾದದ್ದು, ಇದು ತಾನಾಗಿ ಬಂದದ್ದು. ಎರಡು, ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದಲೇ ಅವರೇ ಮಾಡಿ ಮುಗಿಸುವ ಚಿಕ್ಕ ಹೊಣೆಗಳನ್ನು ಕೊಡೋಣ. ತನ್ನ ಕೈಯಿಂದ ಆಗುತ್ತದೆಂಬ ಅರಿವು ಉಪದೇಶದಿಂದ ಬರುವುದಿಲ್ಲ, ಮಾಡಿದ್ದರಿಂದ ಬರುತ್ತದೆ. ಮೂರು, ಈ ಮಹೋತ್ಸವಕ್ಕೆ ಬಾರದೆ ಮನೆಯಲ್ಲೇ ಉಳಿದವರು ಯಾರೆಂದು ನಾಳೆ ಒಮ್ಮೆ ಎಣಿಸೋಣ. ಸಾಲದ ಸಂಕೋಚದಿಂದಲೋ, ಶೋಕದಿಂದಲೋ, ಯಾರೂ ಕರೆಯಲಿಲ್ಲವೆಂಬ ನೋವಿನಿಂದಲೋ ಉಳಿದವರು ಇದ್ದೇ ಇರುತ್ತಾರೆ. ಅಂಥ ಒಂದೊಂದು ಮನೆಗೆ ನಮ್ಮಲ್ಲಿ ಒಬ್ಬೊಬ್ಬರು ಹೋಗಿ ಬರೋಣ. ಅವರ ಕರ್ಮವು ನಮ್ಮ ಕೈಯಲ್ಲಿಲ್ಲ. ಅವರ ಬಾಗಿಲಿನವರೆಗೆ ನಡೆಯುವುದು ನಮ್ಮ ಕೈಯಲ್ಲಿದೆ.